ಹದಿನಾಲ್ಕು ಕೊಡ ನೀರು

ಬಾಯಾರ ಬೆರಳ ತುದಿಗಳು ಯಾವಾಗಲೂ ನೆನೆಸಿಟ್ಟ ಕಡಲೆಕಾಳಿನಂತೆ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ಮುಖ, ಕತ್ತು, ಮೊಣಕೈ ಎಲ್ಲ ನಮ್ಮೂರ ಬಿಸಿಲಿಗೆ ಸುಟ್ಟು ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದರೂ ಬೆರಳ ತುದಿ ಮಾತ್ರ ಆಗಷ್ಟೇ ನೀರಿನಿಂದ ಎತ್ತಿದಂತೆ. ಐವತ್ತು ವರ್ಷ ಸೋಡಾಪುಡಿ, ಸಾಬೂನು, ಕುದಿಯುವ ನೀರು ಇವುಗಳಲ್ಲಿ ಅದ್ದಿ ತೆಗೆದ ಕೈಗಳು ಅವು. ಚಹಾದ ಕಪ್ಪು ಹಿಡಿದರೂ ಅದನ್ನು ತೊಳೆಯಲು ಹಿಡಿದಂತೆಯೇ ಕಾಣುತ್ತಿತ್ತು.

ನರ್ಸಮ್ಮ, ಟೀಚರಮ್ಮನನ್ನು ನಮ್ಮ ಕಡೆ ಗೌರವದಿಂದ ಬಾಯಾರು ಎಂದೇ ಕರೆಯುವುದು. ಅವರ ದೇಶದ ಹೆಸರು ನಮ್ಮ ಅತ್ತೆಯ ಬಾಯಿಗೆ ಕೊನೆಯತನಕ ಹತ್ತಲಿಲ್ಲ. "ಥಂಡಿ ದೇಶದವರು" ಎಂದು ಮುಗಿಸಿಬಿಡುತ್ತಿದ್ದರು. ಇಪ್ಪತ್ತಾರನೆಯ ವಯಸ್ಸಿಗೆ ಅಲ್ಲಿನ ಚರ್ಚಿನ ಸಭೆಯವರು ಅವರನ್ನು ಮಿಷನರಿಯಾಗಿ, ನರ್ಸ್ ಕೆಲಸಕ್ಕೆಂದು ನಮ್ಮ ಸೀಮೆಗೆ ಕಳಿಸಿದ್ದರು. ಆಸ್ಪತ್ರೆಯ ನೌಕರಿ ಮುಗಿದ ಮೇಲೆ ಜೊತೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಹಡಗು, ವಿಮಾನ ಹತ್ತಿದರು. ಇವರು ಒಂದು ಆಟೋ ಹತ್ತಿ ಬೆಟಗೇರಿಯ ನಮ್ಮ ಓಣಿಗೆ ಬಂದರು. ನಮ್ಮ ಮನೆಯ ಮುಂದಿನ ಎರಡು ಕೋಣೆ ಖಾಲಿ ಇದ್ದವು. ಅಲ್ಲಿಂದ ಹದಿನೆಂಟು ವರ್ಷ ಅವರು ನಮ್ಮವರಾಗಿದ್ದರು.

ಮನೆ ನೋಡಲು ಬಂದ ದಿನವೇ ಅತ್ತೆ ಮಗ್ಗದಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

"ನೋಡ್ರಿ ಬಾಯಾರ, ಮೊದಲ ಹೇಳಿಬಿಡ್ತೇನಿ. ನಮ್ಮನ್ನ ನಿಮ್ಮ ದೇವರ ಕಡೆ ಎಳಿಯಾಕ ಬಂದಿದ್ರ ಈ ಮನಿ ಸಿಗೂದಿಲ್ಲ."

ಬಾಯಾರು ಹಿತ್ತಲ ಕಡೆ ಕಣ್ಣು ಹಾಯಿಸಿ, "ಇಲ್ಲೆ ನೀರ ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ?" ಎಂದು ಕೇಳಿದರು.

"ಹತ್ತ ದಿನಕ್ಕೊಮ್ಮೆ. ಒಮ್ಮೊಮ್ಮೆ ಹನ್ನೆರಡ ಆಗ್ತಾವ."

"ಹಂಗಾದ್ರ ನಿಮ್ಮನ್ನ ಎಳಿಯಾಕ ನನಗ ಪುರಸೊತ್ತ ಎಲ್ಲೆ ಸಿಗ್ತೈತ್ರಿ, ಅಕ್ಕಾರ? ಮೊದಲ ಒಂದ ಬ್ಯಾರಲ್ ತರಬೇಕು."

ಅತ್ತೆ ಅಡ್ಡ ನಿಂತಿದ್ದ ಬಾಗಿಲಿನಿಂದ ಸರಿದರು. ಆ ಸಂಜೆ ನನಗೆ ಹೇಳಿದ್ದು ಇಷ್ಟೇ: "ಹೆಣ್ಮಗಳಿಗೆ ಬಾಳೇವ ಗೊತ್ತೈತಿ."

ಅವರ ಕನ್ನಡ ಕೇಳಿದ ಹೊಸಬರು ನಕ್ಕುಬಿಡುತ್ತಿದ್ದರು. ಆಸ್ಪತ್ರೆಗೆ ಬಂದ ದಿನಗಳಲ್ಲಿ ಅವರಿಗೆ ಮಾತು ಕಲಿಸಿದವರು ಯಳವತ್ತಿ ಕಡೆಯಿಂದ ಬಂದು ಹಾಸಿಗೆ ಹಿಡಿದಿದ್ದ ಮುದುಕಿಯರು. ಹಾಗಾಗಿ ಆ ನೀಲಿ ಕಣ್ಣಿನ ಎತ್ತರದ ಹೆಂಗಸು ಬಾಯಿ ತೆರೆದರೆ ಹಲ್ಲಿಲ್ಲದ ಅಜ್ಜಿಯೊಬ್ಬಳು ಮಾತಾಡಿದಂತಿರುತ್ತಿತ್ತು. ಬಸ್ಸಿನಿಂದ ಇಳಿದು ಕಟ್ಟೆಯ ಮೇಲೆ ಕುಸಿದು ಕೂತರೆಂದರೆ, "ಯವ್ವಾ, ಸಾಕಾತ ಜೀವ" ಎನ್ನುವುದು ಮೊದಲ ಮಾತು. ನಾನೂ ಅಜ್ಜಿಯರ ಬಾಯಿಂದ ಮಾತು ಕಲಿತವಳೇ. ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾದದ್ದು ಅದಕ್ಕೇ ಇರಬೇಕು.

ಮಿಷನರಿ ಎಂದರೆ ಕೈಯಲ್ಲಿ ಪುಸ್ತಕ ಹಿಡಿದು ಊರೂರು ತಿರುಗಿ ಉಪದೇಶ ಮಾಡುವವರು ಎಂದು ನಾನು ತಿಳಿದಿದ್ದೆ. ಬಾಯಾರ ಪುಸ್ತಕ ಗೋಡೆಯ ಮೇಲಿನ ಸಣ್ಣ ಶಿಲುಬೆಯ ಕೆಳಗೆ, ಮೊಳೆ ಹೊಡೆದ ಹಲಗೆಯ ಮೇಲೆ ಇರುತ್ತಿತ್ತು. ಬೆಳಗಿನಲ್ಲಿ ಅದನ್ನೊಮ್ಮೆ ತೆಗೆದು ಓದಿ, ಮತ್ತೆ ಅಲ್ಲೇ ಇಡುತ್ತಿದ್ದರು. ಆಮೇಲೆ ಕೈಗೆ ಬರುತ್ತಿದ್ದದ್ದು ಪೊರಕೆ, ಬಕೆಟ್ಟು, ಚಿಮಟ. ಸೋಮವಾರ ಪಟ್ಟಿಗಳನ್ನು ತೊಳೆಯುವುದು. ಹುಣ್ಣಿನ ಕಾಲುಗಳಿಗೆ ಸುತ್ತಿ ಬಿಚ್ಚಿದ ಬಟ್ಟೆಯ ಪಟ್ಟಿಗಳು ಅವು. ಹಿತ್ತಲ ಒಲೆಯ ಮೇಲೆ ದೊಡ್ಡ ಬೋಗುಣಿ ಇಟ್ಟು, ಸೋಡಾ ಹಾಕಿ ಕುದಿಸಿ, ಒಣಗಿಸಿ, ತೊಡೆಯ ಮೇಲಿಟ್ಟು ಬಿಗಿಯಾಗಿ ಸುರುಳಿ ಸುತ್ತುವುದು. ಮಂಗಳವಾರ ಆ ಸುರುಳಿಗಳನ್ನು ಚೀಲಕ್ಕೆ ತುಂಬಿ ಮುಂಡರಗಿ ಬಸ್ಸು. ಶುಕ್ರವಾರ ಲಕ್ಷ್ಮೇಶ್ವರ, ಬರುವಾಗ ಶಿರಹಟ್ಟಿ. ಅಲ್ಲೆಲ್ಲ ಒಂದೊಂದು ಕಟ್ಟೆ, ಒಂದೊಂದು ಮರ ಗೊತ್ತುಮಾಡಿದ್ದರು. ಕುಷ್ಠದ ಜಡ್ಡಿನಿಂದ ಸ್ಪರ್ಶ ಸತ್ತ ಕಾಲುಗಳವರು, ಸಕ್ಕರೆ ರೋಗದ ಹುಣ್ಣಿನವರು ಅಲ್ಲಿ ಬಂದು ಕೂರುತ್ತಿದ್ದರು. ಇವರು ಅವರ ಕಾಲು ತೊಳೆದು, ಪಟ್ಟಿ ಕಟ್ಟಿ, ಹಳೆಯ ಪಟ್ಟಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು. ಸೋಮವಾರ ಮತ್ತೆ ಬೋಗುಣಿ.

ನಡುವೆ ಅವರ ಹೊಟ್ಟೆಪಾಡು. ಜೋಳದ ರೊಟ್ಟಿ ಬಡಿಯಲು ಅತ್ತೆಯಿಂದ ಕಲಿತರು, ಆದರೆ ಒಂದು ರೊಟ್ಟಿಯೂ ದುಂಡಗಾಗಲಿಲ್ಲ.

"ನಿಮ್ಮ ದೇಶದ ನಕಾಶಿ ಬಡದೀರೇನ್ರಿ ಬಾಯಾರ?" ಎಂದು ಅತ್ತೆ ಕೆಣಕುತ್ತಿದ್ದರು.

"ಇಲ್ರಿ, ನನ್ನ ದೇಶ ಇಷ್ಟ ದಪ್ಪ ಇಲ್ಲ."

ಪಟ್ಟಿಗೆ ಬಟ್ಟೆ ಕೊಡುತ್ತಿದ್ದವರು ನಮ್ಮ ಅತ್ತೆಯೇ. ತೊಳೆತೊಳೆದು ಮೆತ್ತಗಾದ ನೂಲಿನ ಸೀರೆಗಳನ್ನು ಓಣಿಯಲ್ಲೆಲ್ಲ ಕೇಳಿ ತರುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಒಂದೊಂದು ಅಂಚು ಹಿಡಿದು ಸರ್ರನೆ ಹರಿಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ಬಾಯಾರು ತಮ್ಮ ದೇಶದಿಂದ ಕ್ರಿಸ್‌ಮಸ್ಸಿಗೆ ಬರುತ್ತಿದ್ದ ಉಣ್ಣೆಯ ಕಾಲುಚೀಲಗಳನ್ನು ಕೊಡುತ್ತಿದ್ದರು. ಬೆಟಗೇರಿಯ ಸೆಖೆಗೆ ಉಣ್ಣೆ ಯಾರಿಗೆ ಬೇಕು? ಅತ್ತೆ ಅವುಗಳಲ್ಲಿ ಮಗ್ಗದ ನೂಲು ಸುತ್ತಿದ ಕಂಡಿಕೆಗಳನ್ನು ತುಂಬಿ ಮೊಳೆಗೆ ನೇತುಹಾಕಿದರು. ಯಾರಿಂದಲೂ ಏನನ್ನೂ ಸುಮ್ಮನೆ ತೆಗೆದುಕೊಳ್ಳುವ ಹೆಂಗಸಲ್ಲ ಬಾಯಾರು. ಒಂದು ಬಟ್ಟಲು ಸಾರು ಕೊಟ್ಟರೆ ಮರುದಿನ ಬಟ್ಟಲು ಏನಾದರೂ ಹೊತ್ತುಕೊಂಡೇ ವಾಪಸು ಬರುತ್ತಿತ್ತು.

ಆದರೆ ಅವರ ಬದುಕಿನ ನಡುಗಂಬ ನೀರು. ನಳ ಇದ್ದದ್ದು ಓಣಿಯ ತಿರುವಿನಲ್ಲಿ. ನೀರು ಬರುವ ಸುದ್ದಿ ಬಂತೆಂದರೆ ಮನೆಮನೆಯ ಕೊಡಗಳು ಹೋಗಿ ಪಾಳಿಯಲ್ಲಿ ಕೂರುತ್ತವೆ. ನಮ್ಮಲ್ಲಿ ಪಾಳಿ ನಿಲ್ಲುವುದು ಮನುಷ್ಯರಲ್ಲ, ಕೊಡ. ಕೊಡ ಇದ್ದರೆ ಆ ಮನೆಯವರು ಇದ್ದಂತೆ. ಪಾಳಿ ಬಂದ ಮನೆಯವರು ತಮಗೆ ಬೇಕಾದಷ್ಟು ಹೊತ್ತು ಮುಗಿಸಿದ ಮೇಲೆಯೇ ನಳ ಮುಂದಿನವರಿಗೆ. ಬೇರೆಯವರ ಕೊಡ ಸರಿಸುವುದೆಂದರೆ ಆ ಮನೆಯವರನ್ನೇ ನೂಕಿದಂತೆ, ದೊಡ್ಡ ಜಗಳದ ಮಾತು. ಬಾಯಾರದು ಒಂದು ಸ್ಟೀಲಿನ ಕೊಡ. ಹಿತ್ತಲಲ್ಲಿ ನೀಲಿ ಬ್ಯಾರಲ್. ಆ ಬ್ಯಾರಲ್ಲಿಗೆ ಸರಿಯಾಗಿ ಹದಿನಾಲ್ಕು ಕೊಡ. ಒಂದೊಂದು ಕೊಡ ಸುರಿದಾಗಲೂ ಬ್ಯಾರಲ್ ಹಿಂದಿನ ಗೋಡೆಯ ಮೇಲೆ ಬಳಪದಿಂದ ಒಂದು ಗೆರೆ ಎಳೆಯುತ್ತಿದ್ದರು. ರೋಗಿಯ ಜ್ವರ ಬರೆದಿಡುವ ರೂಢಿ ಅವರ ಕೈ ಬಿಟ್ಟಿರಲಿಲ್ಲ.

ವರ್ಷಕ್ಕೊಮ್ಮೆ ಅವರನ್ನು ಕಳಿಸಿದ ಸಭೆಯವರಿಂದ ಪತ್ರ ಬರುತ್ತಿತ್ತು. ಈ ವರ್ಷ ಏನೇನು ಕೆಲಸವಾಯಿತು ಎಂದು ಕೇಳಿ. ಅದಕ್ಕೆ ಉತ್ತರ ಬರೆಯುವುದು ಬಾಯಾರಿಗೆ ಬೋಗುಣಿ ಎತ್ತುವುದಕ್ಕಿಂತ ತ್ರಾಸಿನ ಕೆಲಸ. ಭಾನುವಾರ ಚರ್ಚಿನಿಂದ ಬಂದು ಕಿಟಕಿಯ ಹತ್ತಿರ ಕೂತು ಬರೆಯುವರು, ಹೊಡೆದುಹಾಕುವರು. ಒಮ್ಮೆ ಬರೆದದ್ದನ್ನು ಕನ್ನಡದಲ್ಲಿ ನನಗೆ ಹೇಳಿದರು. ಹನ್ನೊಂದನೆಯ ದಿನ ನೀರು ಬಂತು. ಹದಿನಾಲ್ಕು ಕೊಡ ತುಂಬಿದೆ. ಒಲೆ ಹೊಗೆಯಾಡಿತು. ಅರವತ್ತು ಪಟ್ಟಿ ಕುದಿಸಿದೆ. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ.

"ಇದಿಷ್ಟನ್ನ ಓದಿ ಅವರು ಏನ ಅಂತಾರ?" ಎಂದೆ.

"ಅವರಿಗೆ ದೇವರ ಸುದ್ದಿ ಬೇಕವ್ವಾ. ನನ್ನ ಕಡೆ ಬರೇ ನೀರಿನ ಸುದ್ದಿ ಐತಿ" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳು ಅಲ್ಲ, ದಣಿವು.

ಎಪ್ಪತ್ತು ದಾಟಿದ ಮೇಲೆ ಆ ಪತ್ರದಲ್ಲಿ ಇನ್ನೊಂದು ಪ್ರಶ್ನೆ ಸೇರಿತು. ಯಾವಾಗ ವಾಪಸು ಬರುತ್ತೀರಿ? ಅಲ್ಲಿ ವಯಸ್ಸಾದ ಮಿಷನರಿಗಳಿಗೆಂದೇ ಒಂದು ಮನೆ ಇತ್ತಂತೆ. ಇವರು ಒಂದೇ ಉತ್ತರ ಬರೆಯುತ್ತಿದ್ದರು: ನನ್ನ ನೀರು ನಾನು ತುಂಬಿಕೊಳ್ಳುವವರೆಗೆ ಇಲ್ಲಿರುತ್ತೇನೆ, ಆಗದ ದಿನ ನಾನೇ ತಿಳಿಸುತ್ತೇನೆ. ಕಳಿಸಿದವರು ಆ ಮಾತಿಗೆ ಒಪ್ಪಿದ್ದರು. ಅವರು ಒಪ್ಪಿ ಕಾಗದ ಕಳಿಸಿದರೆ ಮಾತ್ರ ಇವರಿಗೆ ಇನ್ನೊಂದು ವರ್ಷ ಇಲ್ಲಿರಲು ಸರಕಾರದ ಪರವಾನಗಿ. ಆ ಕಾಗದ ಹಿಡಿದು ಗದಗಕ್ಕೆ ಹೋಗಿ ಸಿಕ್ಕೆ ಹಾಕಿಸಿಕೊಂಡು ಬಂದ ದಿನ ಬಾಯಾರು ಅತ್ತೆಗೆ, "ಇನ್ನೊಂದ ವರ್ಷ ನನ್ನ ಕಾಟ ತಪ್ಪಲಿಲ್ಲ ನೋಡ್ರಿ" ಎನ್ನುತ್ತಿದ್ದರು. ಓಣಿಗೆಲ್ಲ ಈ ಕರಾರು ಗೊತ್ತಿತ್ತು. ನಾವು ಅದನ್ನು ತಮಾಷೆಯೆಂದು ತಿಳಿದಿದ್ದೆವು.

ಅವರಿಗೆ ಎಪ್ಪತ್ತೆಂಟು ನಡೆಯುವಾಗ ನಳದ ಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿತು. ಕೊಡ ಹಾರಿ ಕಲ್ಲಿಗೆ ಬಡಿದು ಅಂಗೈಯಷ್ಟು ನೆಗ್ಗಿತು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ನೀರು ನಾನು ತರುತ್ತೇನೆ ಎಂದಾಗ, "ಪ್ಲಾಸ್ಟರ್ ಇರೂ ಮಟ ಅಷ್ಟ. ಇದು ರಜಾ" ಎಂದು ಒಪ್ಪಿದರು. ಆದರೆ ಮುಂಡರಗಿಯ ಕಾಲುಗಳಿಗೆ ರಜೆ ಇರಲಿಲ್ಲ. ಮಂಗಳವಾರ ನಾನೇ ಚೀಲ ಹೊತ್ತು ಜೊತೆಗೆ ಹೋದೆ.

ಕಟ್ಟೆಯ ಮೇಲೆ ಮೊದಲು ಕೂತಿದ್ದವ ಒಬ್ಬ ಅಜ್ಜ. ಪಟ್ಟಿ ಬಿಚ್ಚಿದೆ. ಅಂಗಾಲಿನ ನಡುವೆ ಗುಳಿ, ಅದರ ವಾಸನೆ. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಒಂದು ಕೈಯಿಂದ ನೀರು ಸುರಿಯುತ್ತಾ ಬಾಯಾರು ಕಾದರು. ಅಜ್ಜನಿಗೆ ಎಲ್ಲ ಅರ್ಥವಾಗಿತ್ತು.

"ತಂಗಿ ಹೊಸಬಳು ಕಾಣ್ತೈತಿ. ಬಿಡ್ರಿ ಬಾಯಾರ, ನಾನ ತೊಳಕೋತೀನಿ."

"ನೀ ಸುಮ್ಮನ ಕುಂಡ್ರಪಾ. ಹೋದ ಸಲ ನೀನ ತೊಳಕೊಂಡಿದ್ದಿ, ಅರ್ಧ ಹೊಲಸ ಅಲ್ಲೇ ಇತ್ತು" ಎಂದು ಅಜ್ಜನನ್ನು ಗದರಿ ನನ್ನ ಕಡೆ ತಿರುಗಿದರು. ನಾನು ಏನೋ ದೊಡ್ಡ ಮಾತು ಬರುತ್ತದೆ ಎಂದುಕೊಂಡೆ. ದೇವರದೋ ಕರುಣೆಯದೋ. ಅವರು ಹೇಳಿದ್ದು: "ಪ್ರೀತಿ ಬರಲಿ ಅಂತ ಕಾಯಬ್ಯಾಡವ್ವಾ. ನೀರ ಆರಿ ಹೋಗ್ತಾವ."

ನಾನು ತೊಳೆದೆ. ಪ್ರೀತಿ ಬರಲಿಲ್ಲ. ಎರಡನೆಯ ಮಂಗಳವಾರವೂ ಬರಲಿಲ್ಲ. ಮೂರನೆಯ ವಾರ ಅಜ್ಜ ಬಂದಿರಲಿಲ್ಲ, ಬಸ್ಸು ಹೊರಡುವವರೆಗೂ ನನ್ನ ಕಣ್ಣು ರಸ್ತೆಯ ಕಡೆಯೇ ಇತ್ತು.

ಪ್ಲಾಸ್ಟರು ಬಿಚ್ಚಿದ ಮೇಲೆ ಬಾಯಾರು ಮತ್ತೆ ಕೊಡ ಹಿಡಿದರು. ತುಂಬಿದ ಕೊಡ ಏಳಲಿಲ್ಲ. ಅರ್ಧ ತುಂಬಿ ಹೊತ್ತರು. ಗೋಡೆಯ ಮೇಲೆ ಎರಡು ಅರ್ಧಕ್ಕೆ ಒಂದು ಗೆರೆ. ಹದಿನಾಲ್ಕು ಸಲ ಓಡಾಡುವಲ್ಲಿ ಇಪ್ಪತ್ತೆಂಟು ಸಲ. ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆ ಹಿಡಿದು ಉಸಿರು ತೆಗೆದುಕೊಳ್ಳುವರು. ಹಿಂದಿನ ಪಾಳಿಯವರು ಗೊಣಗಲು ಶುರುಮಾಡಿದರು. ಎದುರುಮನೆಗೆ ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಒಂದು ದಿನ ಗಟ್ಟಿಯಾಗಿಯೇ ಅಂದಳು:

"ಬಾಯಾರ, ಜಲ್ದಿ ಮಾಡ್ರಿ. ನಮ್ಮ ಪಾಳಿ ಬರೂದ್ರಾಗ ನೀರ ನಿಲ್ತಾವ."

"ನಿಲ್ಲೂದಿಲ್ಲ ತಡಿಯವ್ವಾ. ನಿನಕಿಂತ ಜಾಸ್ತಿ ನೀರಿನ ಗುಣ ನನಗ ಗೊತ್ತೈತಿ" ಎಂದರು ಬಾಯಾರು. ಆದರೆ ಆ ದಿನ ನೀರು ನಿಂತುಬಿಟ್ಟಿತು. ಎದುರುಮನೆಯ ಸೊಸೆ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ನೆಲ ನೋಡುತ್ತಾ ಹೋದಳು. ಬಾಯಾರು ತಮ್ಮ ಬ್ಯಾರಲ್ಲಿನಿಂದ ಎರಡು ಅರ್ಧ ಕೊಡ ಅವಳ ಮನೆಗೆ ಹೊತ್ತುಕೊಟ್ಟು ಬಂದು ಕಟ್ಟೆಯ ಮೇಲೆ ಮಲಗಿಬಿಟ್ಟರು. ಮುಖ ಸುಣ್ಣದಂತಾಗಿತ್ತು.

ಅಂದು ನಾನೊಂದು ಉಪಾಯ ಹೂಡಿದೆ. ಹೇಳಿದ್ದು ಅತ್ತೆಗೆ ಮಾತ್ರ. ಮುಂದಿನ ಸಲ ನೀರು ಬಂದಾಗ ನಮ್ಮ ಮನೆಯ ಸಿಮೆಂಟಿನ ಟಾಕಿ ಮೊದಲು ತುಂಬಿಕೊಂಡೆವು. ಬಾಯಾರು ನಳದ ಹತ್ತಿರ ಪಾಳಿ ಕಾಯುತ್ತಿದ್ದಾಗ ನಾನು ಹಿತ್ತಲ ಬಾಗಿಲಿನಿಂದ ಹೋಗಿ ನಮ್ಮ ಟಾಕಿಯ ನೀರನ್ನು ಅವರ ಬ್ಯಾರಲ್ಲಿಗೆ ಸುರಿದೆ. ಐದು ಕೊಡ. ಅವರಿಗೆ ಹತ್ತು ಸಲದ ಓಡಾಟ ಉಳಿಯಿತು. ಬ್ಯಾರಲ್ ತುಂಬಿದಾಗ ಬಾಯಾರು ಒಂದು ಕ್ಷಣ ಅದನ್ನೇ ನೋಡುತ್ತಾ ನಿಂತರು. ಮುಚ್ಚಳ ಹಾಕಿ ಒಳಗೆ ಹೋದರು. ಗೊತ್ತಾಗಲಿಲ್ಲ ಎಂದು ನಾನೂ ಅತ್ತೆಯೂ ಕಣ್ಣಲ್ಲೇ ನಕ್ಕೆವು. ಹಾಗೆ ನಾಲ್ಕು ತಿಂಗಳು ನಡೆಸಿದೆವು.

ಹದಿನೆಂಟು ವರ್ಷ ಆ ಗೋಡೆಯನ್ನು ನೋಡಿದವಳು ನಾನು. ಆ ಬಳಪದ ಗೆರೆಗಳನ್ನೇ ಹೇಗೆ ಮರೆತೆನೋ.

ವರ್ಷದ ಪತ್ರ ಬಂತು. ಆ ಭಾನುವಾರ ಬಾಯಾರು ಕಿಟಕಿಯ ಹತ್ತಿರ ಬಹಳ ಹೊತ್ತು ಕೂತರು. ಪೆನ್ನು ಓಡಲಿಲ್ಲ. ಆಮೇಲೆ ನನ್ನನ್ನೂ ಅತ್ತೆಯನ್ನೂ ಹಿತ್ತಲಿಗೆ ಕರೆದರು. ಬ್ಯಾರಲ್ಲಿನ ಹಿಂದಿನ ಗೋಡೆ ತೋರಿಸಿದರು. ಒಂಬತ್ತು ಗೆರೆ. ಅದರ ಕೆಳಗೆ ಹಿಂದಿನ ಸಲದ ಒಂಬತ್ತು. ಅದರ ಕೆಳಗೂ ಒಂಬತ್ತು.

"ಹದಿನಾಲ್ಕ ಕೊಡದ ಬ್ಯಾರಲ್ ಒಂಬತ್ತಕ್ಕ ಹೆಂಗ ತುಂಬ್ತೈತವ್ವಾ?" ಎಂದು ನನ್ನನ್ನು ಕೇಳಿದರು.

ನಾನು ತಲೆ ತಗ್ಗಿಸಿದೆ. ಅತ್ತೆ ತಗ್ಗಿಸಲಿಲ್ಲ.

"ನಾವ ಹಾಕೇವಿ. ಏನಾತೀಗ? ಕಳವ ಮಾಡಿಲ್ಲ, ಹಾಕೇವಿ."

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕಾರ. ಮೊದಲನೇ ದಿನಾನ ನನಗ ಗೊತ್ತಾಗಿತ್ತು. ನಾನೂ ಸುಮ್ಮನಾದೆ. ನಾಕ ತಿಂಗಳ ಸುಮ್ಮನಾದೆ. ಇಲ್ಲೇ ಇರಬೇಕಂತ ಆಸೆ ಇತ್ತಲ್ಲ." ಅವರ ದನಿ ಒಡೆಯಲಿಲ್ಲ, ತೀರಾ ಸಣ್ಣಗಾಯಿತು. "ಈಗ ಅವರು ಕೇಳ್ಯಾರ, ನೀರ ತುಂಬ್ತೀಯೇನಂತ. ಏನಂತ ಬರೀಲಿ?"

"ಹದಿನಾಲ್ಕ ಅಂತ ಬರದ ಬಿಡ್ರಿ. ಅವರೇನ ಇಲ್ಲಿಗೆ ಬಂದ ಗ್ವಾಡಿ ನೋಡ್ತಾರೇನು?" ಎಂದರು ಅತ್ತೆ.

ಬಾಯಾರಿಗೆ ನಗು ಬಂತು. ನಗುತ್ತಲೇ ಬ್ಯಾರಲ್ಲಿನ ಅಂಚು ಹಿಡಿದುಕೊಂಡರು. ಆಗ ಅತ್ತೆಗೆ ನಿಜವಾಗಿ ಸಿಟ್ಟು ಬಂತು. ಅಂಥ ಸಿಟ್ಟನ್ನು ನಾನು ಅವರ ಮುಖದಲ್ಲಿ ಹಿಂದೆಂದೂ ಕಂಡಿರಲಿಲ್ಲ.

"ಅಲ್ರಿ ಬಾಯಾರ, ಇಷ್ಟ ವರ್ಷ ಮಂದಿ ಕಾಲ ತೊಳದೀರಿ. ಅವರ ಯಾರರ ಬ್ಯಾಡ ಅಂದ್ರೇನು? ಕಾಲ ಮುಂದ ಚಾಚಿ ಕುಂತ್ರು. ನೀವು ಮಾಡಿದ್ರ ಅದು ಸೇವಾ. ನಾವ ಐದ ಕೊಡ ನೀರ ಹಾಕಿದ್ರ ಅದು ಮೋಸ?"

ಹಗ್ಗದ ಮೇಲೆ ಪಟ್ಟಿಗಳು ಒಣಗುತ್ತಿದ್ದವು. ಬಾಯಾರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಖರೆ ಐತ್ರಿ" ಎಂದರು. "ಕೊಡೂದ ಕಲಿಸಿ ಕಳಿಸಿದ್ರು ನನ್ನ. ತೊಗೊಳ್ಳೂದ ಯಾರೂ ಕಲಿಸಲಿಲ್ಲ."

"ಹಂಗಾದ್ರ ಈಗ ಕಲೀರಿ. ಇಲ್ಲೇ ಕಲೀರಿ."

"ಮಾತ ಕೊಟ್ಟೀನ್ರಿ ಅಕ್ಕಾರ." ತಮ್ಮ ಸುಕ್ಕು ಬೆರಳುಗಳನ್ನು ನೋಡಿಕೊಂಡರು. "ಮತ್ತ ಖರೆ ಹೇಳಬೇಕಂದ್ರ, ಸಾಕಾಗೇತಿ."

ಇದು ಬಸ್ಸಿನಿಂದ ಇಳಿದು ಹೇಳುತ್ತಿದ್ದ ದಿನನಿತ್ಯದ ಮಾತಾಗಿರಲಿಲ್ಲ. ಅತ್ತೆಗೂ ತಿಳಿಯಿತು. ಮತ್ತೆ ವಾದಿಸಲಿಲ್ಲ.

ಪತ್ರ ಹೋಯಿತು. ವಿಮಾನದ ಚೀಟಿ ಬಂತು. ಉಳಿದ ಎರಡು ತಿಂಗಳು ಬಾಯಾರು ನನ್ನನ್ನು ಮಂಗಳವಾರ, ಶುಕ್ರವಾರ ಜೊತೆಗೆ ಕರೆದೊಯ್ದರು. ನೀನು ಮುಂದುವರಿಸು ಎಂದು ಒಮ್ಮೆಯೂ ಹೇಳಲಿಲ್ಲ. ಯಾವ ಕಾಲಿಗೆ ಎಷ್ಟು ಬಿಗಿ ಕಟ್ಟಬೇಕು, ಯಾರು ಪಟ್ಟಿ ಬಿಚ್ಚಿ ಹೊಲಕ್ಕೆ ಹೋಗುತ್ತಾರೆ, ಲಕ್ಷ್ಮೇಶ್ವರದ ಬಸ್ಸಿನಲ್ಲಿ ಯಾವ ಕಡೆ ಬಿಸಿಲು ಬೀಳುವುದಿಲ್ಲ, ಇಂಥವನ್ನು ಮಾತ್ರ ಹೇಳಿದರು. ಶುಕ್ರವಾರದ ಎರಡೂ ಊರುಗಳಿಗೆ ಆಸ್ಪತ್ರೆಯ ಇಬ್ಬರು ನರ್ಸುಗಳು ಒಪ್ಪಿಕೊಂಡರು. ಮುಂಡರಗಿಗೆ ಯಾರೂ ಸಿಗಲಿಲ್ಲ. ಸಿಗಲಿಲ್ಲ ಎಂದು ಅವರು ನನ್ನ ಎದುರಿಗೆ ಹೇಳಿ ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲಿ ಅವರು ನಮ್ಮ ಅತ್ತೆಗಿಂತ ಜಾಣೆ.

ಹೊರಡುವ ಬೆಳಿಗ್ಗೆ ಆಟೋ ಬಂದು ನಿಂತಿತು. ಒಂದೇ ಪೆಟ್ಟಿಗೆ. ಬ್ಯಾರಲ್, ನೆಗ್ಗಿದ ಕೊಡ, ಬೋಗುಣಿ ಎಲ್ಲ ಇಲ್ಲೇ. ಓಣಿಯ ಹೆಂಗಸರೆಲ್ಲ ನೆರೆದಿದ್ದರು, ಎದುರುಮನೆಯ ಸೊಸೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅತ್ತೆ ಹೊರಗೆ ಬರಲಿಲ್ಲ. ಒಳಗಿನಿಂದ ಮಗ್ಗದ ಸದ್ದು ಒಂದೇ ಸಮನೆ ಬರುತ್ತಿತ್ತು. ಬಾಯಾರು ಬಾಗಿಲಲ್ಲಿ ನಿಂತು ಆ ಸದ್ದನ್ನು ಕೇಳಿದರು. ಕರೆಯಲಿಲ್ಲ. ಆಟೋ ತಿರುವು ದಾಟಿದ ಮೇಲೆ ಮಗ್ಗ ನಿಂತಿತು. ಆ ದಿನ ಮತ್ತೆ ನಡೆಯಲಿಲ್ಲ.

ಮೂರು ವರ್ಷ ಫೋನಿನಲ್ಲಿ ಮುಖ ನೋಡಿದೆವು. ಬೆಳ್ಳಗಿನ ಕೋಣೆ, ದಪ್ಪ ಪರದೆ, ಕಾಲಿಗೆ ಉಣ್ಣೆಯ ಚೀಲ. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ನೀರ ಬಂದಿದ್ವೇನ?"

"ನಿನ್ನೆ ಬಂದಿದ್ವು ಬಾಯಾರ. ನಿಮಗ ಅಲ್ಲೆ ಚೈನಿ ನೋಡ್ರಿ, ಹೊರೂದಿಲ್ಲ, ಏನಿಲ್ಲ."

"ಹೌದವ್ವಾ. ನಳ ತಿರುವಿದ್ರ ಸಾಕು, ಬಿಸೀನೂ ಬರ್ತಾವ, ಥಂಡೀನೂ ಬರ್ತಾವ. ಪಾಳಿ ಇಲ್ಲ. ಜಲ್ದಿ ಮಾಡ್ರಿ ಅಂತ ಬೈಯವರಿಲ್ಲ. ಒಬ್ಬರ ಹೆಸರ ಒಬ್ಬರಿಗೆ ಗೊತ್ತಿಲ್ಲ."

ಕೊನೆಕೊನೆಗೆ ಅವರಿಗೆ ಏಳಲಾಗುತ್ತಿರಲಿಲ್ಲ. ಒಮ್ಮೆ ಫೋನಿನಲ್ಲಿ ಅತ್ತೆ ಪಕ್ಕದಲ್ಲಿ ಕೂತಿದ್ದಾರೆಂದು ತಿಳಿದು ದನಿ ಏರಿಸಿದರು.

"ಅಕ್ಕಾರ, ಕೇಳಸ್ತೈತೇನ್ರಿ? ಇಲ್ಲೆ ಒಬ್ಬಾಕಿ ಹುಡುಗಿ ಬಂದ ನನ್ನ ಕಾಲ ತೊಳಿತಾಳ. ದಿನಾ. ಮೊದಲ ಜಗ್ಗಿಕೋತಿದ್ದೆ. ಈಗ ಚಾಚ್ತೀನಿ. ಕಲಿಯಾಕತ್ತೀನ್ರಿ."

ಅತ್ತೆ ಕೇಳಿಸಿಕೊಂಡರು. "ನೀರ ಬಿಸಿ ಇರ್ತಾವೇನ್ರಿ?" ಎಂದಷ್ಟೇ ಕೇಳಿದರು.

"ಇರ್ತಾವ."

"ಹಂಗಾದ್ರ ಆತ."

ಅವರು ಹೋದ ಖಬರ ಒಂದು ಮುಂಜಾನೆ ಫೋನಿಗೆ ಬಂತು. ಆ ಮನೆಯ ಯಾರೋ ಅವರ ಭಾಷೆಯಲ್ಲಿ ಬರೆದಿದ್ದರು. ಅರ್ಥಮಾಡಿಕೊಳ್ಳಲು ಭಾಷೆ ಬೇಕಿರಲಿಲ್ಲ. ಬಾಯಾರ ಹೆಸರಿನ ಮುಂದೆ ಹುಟ್ಟಿದ ದಿನ, ಅದರ ಮುಂದೆ ಇನ್ನೊಂದು ದಿನ. ನಾನು ಅತ್ತೆಗೆ ಹೇಳಿದೆ. ಅವರಿಗೆ ಈಗ ಮಗ್ಗ ಆಗುವುದಿಲ್ಲ, ಕಟ್ಟೆಯ ಮೇಲೆ ಕೂರುತ್ತಾರೆ. ಅಷ್ಟರಲ್ಲಿ ತಿರುವಿನ ಕಡೆಯಿಂದ ಕೂಗು ಬಂತು, ಹನ್ನೆರಡು ದಿನದ ಮೇಲೆ ನೀರು ಬಂದಿತ್ತು.

ಇಂಥ ದಿನವೂ ನೀರು ತುಂಬಲೇಬೇಕು. ನಮ್ಮ ಕೊಡ ತೆಗೆದುಕೊಂಡು ಹೊರಟೆ. ಅತ್ತೆ ಕರೆದರು.

"ಬಾಯಾರ ಕೊಡಾನೂ ಒಯ್ಯಿ. ಪಾಳಿಗೆ ಇಡು."

ಇಟ್ಟೆ. ನಮ್ಮ ಕೊಡದ ಹಿಂದೆ ಆ ನೆಗ್ಗಿದ ಕೊಡ. ಓಣಿಗೆ ಹೊಸದಾಗಿ ಬಂದವಳೊಬ್ಬಳು, "ಇದ್ಯಾರ್ದ ಕೊಡ? ಮನಷ್ಯಾರ ಇಲ್ಲ, ಸರಸ್ಲೇನು?" ಎಂದಳು. ಎದುರುಮನೆಯ ಸೊಸೆ, ಈಗ ಅವಳದೇ ಮಗು ಅಂಗನವಾಡಿಗೆ ಹೋಗುತ್ತದೆ, ಕೊಡದ ಮೇಲೆ ಕೈಯಿಟ್ಟಳು.

"ಮುಟ್ಟಬ್ಯಾಡ. ಅವರ ಪಾಳಿ ಅದು."

ಬಾಯಾರ ಕೊಡದ ಪಾಳಿ ಬಂತು. ನಾನು ತುಂಬಿದೆ. ಎತ್ತಲು ಹೋದರೆ ಸೊಂಟ ಏಳಲಿಲ್ಲ. ನನಗೂ ಅರವತ್ತು ಸಮೀಪಿಸಿದೆ. ಮಂಗಳವಾರಗಳ ಬಸ್ಸು, ಸೋಮವಾರಗಳ ಬೋಗುಣಿ ನನ್ನ ಬೆನ್ನಿಗೂ ಬಂದಿವೆ. ಬಗ್ಗಿ ಅರ್ಧ ನೀರು ಚೆಲ್ಲಬೇಕೆಂದುಕೊಂಡೆ. ಹಿಂದೆ ಕೊಡಗಳ ಸಾಲು ಉದ್ದಕ್ಕಿತ್ತು. ಯಾರಾದರೂ ಜಲ್ದಿ ಮಾಡ್ರಿ ಎನ್ನುತ್ತಾರೆಂದು ಕಾದೆ.

"ಬಿಡ್ರಿ ದೊಡ್ಡವ್ವ, ಚೆಲ್ಲಬ್ಯಾಡ್ರಿ. ನಾ ಒಯ್ತೀನಿ" ಎಂದು ಎದುರುಮನೆಯ ಸೊಸೆ ಕೊಡಕ್ಕೆ ಕೈ ಹಾಕಿದಳು. ಬೇಡವ್ವಾ, ನಾನೇ ಒಯ್ಯುತ್ತೇನೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ನುಂಗಿಕೊಂಡೆ.

ಕೊಡ ಬಿಟ್ಟೆ. ಅವಳು ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ನಮ್ಮ ಹಿತ್ತಲ ಕಡೆ ನಡೆದಳು. ನಾನು ಬರಿಗೈಯಲ್ಲಿ ಅವಳ ಹಿಂದೆ ಹೋದೆ.